ಒದ್ದೆ ಪಾತ್ರೆ ಕಂಡ ಕೂಡಲೇ ಮಷೀನಿಗೆ ಬಯ್ಯಬೇಡಿ

ಬೆರಳ ಗಂಟು ನೋಯುತ್ತೆ, ತಣ್ಣೀರಲ್ಲಿ ಕೈ ಇಡಬಾರದು ಅಂತ ಅಮ್ಮನಿಗಾಗಿಯೇ ಪಾತ್ರೆ ತೊಳೆಯೋ ಮಷೀನ್, ಅಂದರೆ ಡಿಶ್‌ವಾಷರ್ ತಂದಿದ್ದು. ಕೆಲವು ತಿಂಗಳು ಚೆನ್ನಾಗೇ ಇತ್ತು. ಆಮೇಲೆ ಒಂದು ದಿನ ಬೆಳಿಗ್ಗೆ ನೋಡಿದರೆ, ಅಮ್ಮ ಮಷೀನ್ ಮುಂದೆ ಬಗ್ಗಿ ನಿಂತು ಒಂದೊಂದೇ ಒದ್ದೆ ಲೋಟ ತೆಗೆದು ಬಟ್ಟೆಯಲ್ಲಿ ಒರೆಸುತ್ತಿದ್ದರು. "ಇದನ್ನೆಲ್ಲಾ ಒರೆಸೋ ಹೊತ್ತಿಗೆ ಕೈಯಲ್ಲೇ ತೊಳೆದುಬಿಡ್ತಿದ್ದೆ ಕಣೇ" ಅಂದರು. ತುಂಬಾ ಬೇಜಾರಾಯಿತು.

ಸರ್ವಿಸ್‌ನವರಿಗೆ ಫೋನ್ ಮಾಡಿದೆ. ಮಷೀನ್ ನೋಡದೆಯೇ "ಹೀಟರ್ ಹೋಗಿರುತ್ತೆ ಮೇಡಂ, ಬದಲಾಯಿಸಬೇಕು" ಅಂದುಬಿಟ್ಟರು. ನಾನು ಒಪ್ಪಲಿಲ್ಲ. ಅವತ್ತು ರಾತ್ರಿ ಮಷೀನ್ ನಿಂತ ತಕ್ಷಣ ಬಾಗಿಲು ತೆಗೆದು ಕೆಳಗಿದ್ದ ಕುಕ್ಕರ್ ಮುಟ್ಟಿದೆ. ಕೈ ಚುರ್ ಅಂತು. ನೀರು ಅಷ್ಟು ಕಾದಿದೆ ಅಂದರೆ ಹೀಟರ್ ಕೆಲಸ ಮಾಡುತ್ತಿದೆ ಅಂತಲೇ ಅರ್ಥ, ಅಲ್ವಾ? ಪಾತ್ರೆ ತಣ್ಣಗಿದ್ದರೆ ಮಾತ್ರ ಹೀಟರ್ ಮೇಲೆ ಅನುಮಾನ ಪಡಬೇಕು.

ಇಂಥ ಬಹಳಷ್ಟು ಮಷೀನುಗಳಲ್ಲಿ ಒಣಗಿಸೋಕೆ ಫ್ಯಾನ್ ಇರಲ್ಲ. ಕೊನೇ ಸಲ ಸುಮಾರು 60ರಿಂದ 70 ಡಿಗ್ರಿ ಬಿಸಿನೀರಲ್ಲಿ ಜಾಲಿಸುತ್ತೆ. ಕಾದ ಪಾತ್ರೆಯ ಮೇಲಿನ ನೀರು ಆವಿಯಾಗಿ, ಒಳಗಿನ ತಣ್ಣನೆಯ ಸ್ಟೀಲ್ ಗೋಡೆಗೆ ತಾಗಿ, ಹನಿಯಾಗಿ ಕೆಳಗೆ ಇಳಿದುಹೋಗುತ್ತೆ. ಅಷ್ಟೇ. ಬಿಸಿ ಹಿಡಿದಿಟ್ಟುಕೊಳ್ಳುವ ಪಿಂಗಾಣಿ ತಟ್ಟೆ, ದಪ್ಪ ಬಾಣಲೆ ಬೇಗ ಒಣಗುತ್ತವೆ. ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಬೇಗ ತಣ್ಣಗಾಗುತ್ತೆ, ಅದಕ್ಕೇ ಒದ್ದೆಯಾಗಿ ಉಳಿಯುತ್ತೆ. ಅದು ಯಾವ ಮಷೀನಿನ ತಪ್ಪೂ ಅಲ್ಲ.

ನಮ್ಮ ಮನೆಯ ನಿಜವಾದ ತೊಂದರೆ ಬಾಗಿಲ ಒಳಗಿನ ಪುಟ್ಟ ಮುಚ್ಚಳದ ಹಿಂದಿತ್ತು. ಕೊನೇ ಸಲ ಜಾಲಿಸೋ ನೀರಿಗೆ ಬೆರೆಯುವ ರಿನ್ಸ್ ಏಡ್ ಪೂರ್ತಿ ಖಾಲಿ! ಈ ನೀಲಿ ದ್ರವ ಬೆರೆತರೆ ನೀರು ಹನಿಹನಿಯಾಗಿ ಅಂಟಿಕೊಳ್ಳದೆ ತೆಳ್ಳಗೆ ಹರಡಿ ಜಾರಿಹೋಗುತ್ತೆ. ತುಂಬಿಸಿ, ಅದು ಎಷ್ಟು ಬೀಳಬೇಕು ಅನ್ನೋ ಸೆಟ್ಟಿಂಗ್ 3ರಿಂದ 5ಕ್ಕೆ ಏರಿಸಿದೆ. ಕರೆಂಟ್ ಉಳಿಯಲಿ ಅಂತ ಅಮ್ಮ ಒತ್ತುತ್ತಿದ್ದ ಅರ್ಧ ಗಂಟೆಯ ಪ್ರೋಗ್ರಾಂನಲ್ಲಿ ಒಣಗಿಸೋ ಹಂತವೇ ಇರಲಿಲ್ಲ, ಅದನ್ನೂ ಬದಲಾಯಿಸಿದೆವು.

ಇನ್ನು ನಮ್ಮ ಸ್ಟೀಲ್ ಲೋಟಗಳು. ಬೋರಲು ಹಾಕಿದರೆ ತಳದ ಅಂಚಿನೊಳಗೆ ಒಂದು ಚಮಚ ನೀರು ನಿಲ್ಲುತ್ತೆ. ಸ್ವಲ್ಪ ಓರೆಯಾಗಿ ಇಟ್ಟರೆ ಇಳಿದುಹೋಗುತ್ತೆ. ತೆಗೆಯುವಾಗ ಕೆಳಗಿನ ಟ್ರೇ ಮೊದಲು ಖಾಲಿ ಮಾಡಿ, ಇಲ್ಲದಿದ್ದರೆ ಮೇಲಿನ ನೀರೆಲ್ಲಾ ಒಣಗಿದ ತಟ್ಟೆಗಳ ಮೇಲೆ ಸುರಿಯುತ್ತೆ. ಮಷೀನ್ ನಿಂತ ಮೇಲೆ ಬಾಗಿಲು ನಾಲ್ಕು ಬೆರಳಷ್ಟು ತೆರೆದಿಡಿ, ಆವಿ ಹೊರಗೆ ಹೋಗಲಿ. ಬೋರ್‌ವೆಲ್‌ನ ಗಡಸು ನೀರಿದ್ದವರು ಡಿಶ್‌ವಾಷರ್‌ಗೆಂದೇ ಸಿಗುವ ಸಾಲ್ಟ್ ಹಾಕೋದು ಮರೀಬೇಡಿ. ಅದು ಬಿಳಿ ಕಲೆಗೆ ಮದ್ದು, ಒದ್ದೆಗಲ್ಲ. ಅಡುಗೆ ಉಪ್ಪಂತೂ ಬೇಡವೇ ಬೇಡ.

ನನ್ನ ಸಿಟ್ಟು ಇರೋದು ಬೇರೆ ಕಡೆ. ಮಷೀನ್ ಕೂರಿಸೋಕೆ ಬಂದವರು ಪೈಪ್ ಜೋಡಿಸಿ, ಒಂದು ಬಟನ್ ಒತ್ತಿ ತೋರಿಸಿ ಹೊರಟುಬಿಟ್ಟರು. ಜೊತೆಗೆ ಕೊಟ್ಟ ಪುಸ್ತಕದಲ್ಲಿ ಕನ್ನಡ ಇಲ್ಲ. ದಿನಾ ಅದರ ಮುಂದೆ ನಿಲ್ಲೋದು ನಮ್ಮಮ್ಮ. ಎಷ್ಟೋ ಮನೆಗಳಲ್ಲಿ ಕೆಲಸಕ್ಕೆ ಬರುವ ಅಕ್ಕ. ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಅವರ ಭಾಷೆಯಲ್ಲಿ ಹತ್ತು ನಿಮಿಷ ಹೇಳಿಕೊಡೋದು ಅಷ್ಟು ಕಷ್ಟವೇ? ಸಾವಿರಾರು ರೂಪಾಯಿ ತೆಗೆದುಕೊಂಡ ಮೇಲೆ ಇಷ್ಟು ಮಾಡಲೇಬೇಕು. ಹೇಳಿಕೊಡದೆ, ಆಮೇಲೆ ಸುಮ್ನೆ ಹೀಟರ್ ಬದಲಾಯಿಸಿ ಅನ್ನೋದು ಅನ್ಯಾಯ.

ನಾನೇ ಕನ್ನಡದಲ್ಲಿ ಚೀಟಿ ಬರೆದು ಮಷೀನ್ ಬಾಗಿಲಿಗೆ ಅಂಟಿಸಿದ್ದೇನೆ. ಅಮ್ಮ ಈಗ ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್‌ನಲ್ಲೇ, ರಿನ್ಸ್ ಏಡ್ ತುಂಬಿಸಿದ ತಾರೀಖಿನ ಕೆಳಗೆ "ನೀಲಿ ನೀರು" ಅಂತ ಗುರುತು ಹಾಕಿಕೊಳ್ಳುತ್ತಾರೆ.