ಕರ್ತೃ ಕಾಣೆಯಾಗಿದ್ದಾನೆ

ಮಗ ಇಂಗ್ಲಿಷ್ ಹೋಂವರ್ಕ್ ಹಿಡಿದು ಕೂತಿದ್ದ. ಆಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ನಮ್ಮ ಕಾಲದಲ್ಲೂ ಇದೇ ಪಾಠ, ಇದೇ ರಾಮ, ಇದೇ ರಾವಣ. ‘ರಾಮ ಕಿಲ್ಡ್ ರಾವಣ’ ಎಂಬುದನ್ನು ‘ರಾವಣ ವಾಸ್ ಕಿಲ್ಡ್ ಬೈ ರಾಮ’ ಮಾಡಬೇಕು. ಕನ್ನಡ ಮೇಷ್ಟ್ರು ಅದನ್ನೇ ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’ ಅಂತ ಬರೆಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಆ ‘ಲ್ಪಟ್ಟನು’ ಯಾರ ಬಾಯಲ್ಲೂ ಬರಲಿಲ್ಲ. ‘ಅಮ್ಮನಿಂದ ಉಪ್ಪಿಟ್ಟು ಮಾಡಲ್ಪಟ್ಟಿದೆ, ನನ್ನಿಂದ ತಿನ್ನಲ್ಪಡುವುದಿಲ್ಲ’ ಅಂತ ಮನೆಯಲ್ಲಿ ಒಮ್ಮೆ ಹೇಳಿ ನೋಡಿ. ತಟ್ಟೆ ಸಮೇತ ಆಚೆ ಹೋಗುತ್ತೀರಿ.

ಪಾಠದ ಕೊನೆಗೆ ಒಂದು ಸಣ್ಣ ಸೂಚನೆ ಇತ್ತು. ಮಾಡಿದವರು ಯಾರೆಂದು ಗೊತ್ತಿಲ್ಲದಿದ್ದರೆ, ಅಥವಾ ಹೇಳುವ ಅಗತ್ಯ ಇಲ್ಲದಿದ್ದರೆ, ‘ಬೈ’ಯನ್ನೂ ಅದರ ಮುಂದಿನ ಹೆಸರನ್ನೂ ಬಿಡಬಹುದು. ನಾವೆಲ್ಲ ಅದನ್ನು ಒಂದು ಮಾರ್ಕಿಗೆ ಓದಿ ಮರೆತೆವು. ಮರೆಯದೆ ಜೋಪಾನ ಮಾಡಿಕೊಂಡವರು ಸರ್ಕಾರಿ ಕೆಲಸಕ್ಕೆ ಸೇರಿದರು.

ಪೈಪ್ ಹಾಕಲು ನಮ್ಮ ಬೀದಿ ಅಗೆದು ನಾಲ್ಕು ತಿಂಗಳಾಯಿತು. ಅರ್ಜಿ ಕೊಟ್ಟೆ. ಸೀಲು ಹೊಡೆದ ಉತ್ತರ ಬಂತು: ‘ತಮ್ಮ ಮನವಿಯನ್ನು ಸ್ವೀಕರಿಸಲಾಗಿದೆ. ಪರಿಶೀಲಿಸಲಾಗುತ್ತಿದೆ. ನಿಯಮಾನುಸಾರ ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಮೂರು ವಾಕ್ಯ, ಒಬ್ಬ ನರಮನುಷ್ಯನೂ ಇಲ್ಲ. ಇಂಗ್ಲಿಷಿನಲ್ಲಿ ‘ಬೈ’ ಅಂಟಿಸಲು ಕೊನೆಗೆ ಜಾಗವಾದರೂ ಇರುತ್ತದೆ. ನಮ್ಮ ‘ಲಾಗಿದೆ’ಗೆ ‘ಇಂದ’ ಸೇರಿಸಿದರೆ ಕಿವಿಗೇ ಒಗ್ಗುವುದಿಲ್ಲ. ಇದರಲ್ಲಿ ನಾವು ಇಂಗ್ಲಿಷರಿಗಿಂತ ಒಂದು ಕೈ ಮುಂದೆ.

ಪತ್ರ ಹಿಡಿದು ಕಚೇರಿಗೇ ಹೋದೆ.

“ಗುಂಡಿ ಯಾರು ಮುಚ್ತಾರೆ ಸಾರ್?”

“ಮುಚ್ಚಲಾಗುತ್ತೆ.”

“ಅದೇ, ಯಾರು?”

“ಬರೆದಿದೆಯಲ್ಲ ಸಾರ್, ಕ್ರಮ ಕೈಗೊಳ್ಳಲಾಗುವುದು ಅಂತ.”

“ಸಾಹೇಬ್ರನ್ನ ಕೇಳಬಹುದಾ?”

“ಸಾಹೇಬ್ರು ಊಟಕ್ಕೆ ಹೋಗಿದ್ದಾರೆ.”

ಅವತ್ತು ಆ ಕಚೇರಿಯಲ್ಲಿ ನನಗೆ ಸಿಕ್ಕ ಒಂದೇ ಒಂದು ಆಕ್ಟಿವ್ ವಾಕ್ಯ ಅದು. ಇಂಗ್ಲಿಷಿನಲ್ಲಿ ಗೋ, ಕಮ್, ಸ್ಲೀಪ್‌ನಂಥ ಕ್ರಿಯಾಪದಗಳಿಗೆ ಪ್ಯಾಸಿವ್ ಇಲ್ಲ. ಕರ್ಮಪದವೇ ಇಲ್ಲವಲ್ಲ, ತಿರುಗಿಸುವುದು ಯಾವುದನ್ನು? ಕನ್ನಡದಲ್ಲಿ ಮನಸ್ಸು ಮಾಡಿದರೆ ‘ಊಟಕ್ಕೆ ತೆರಳಲಾಗಿದೆ’ ಅನ್ನಬಹುದು. ಸುಮ್ನೆ ಐಡಿಯಾ ಕೊಟ್ಟ ಹಾಗಾಯಿತು, ಬಿಡಿ.

‘ಇಂದ’ ಅವರಿಗೆ ಬರುವುದೇ ಇಲ್ಲ ಅಂದುಕೊಳ್ಳಬೇಡಿ. ಅದೇ ಗುಂಡಿಯ ಅಂಚಿನಲ್ಲಿ ಗುದ್ದಲಿಪೂಜೆಯ ಕಲ್ಲು ನಿಂತಿದೆ. ಕರಿಕಲ್ಲು, ಬಂಗಾರದ ಬಣ್ಣದ ಅಕ್ಷರ. ‘ಇವರ ಅಮೃತ ಹಸ್ತದಿಂದ’ ಅಂತ ದಪ್ಪಗೆ ಕೆತ್ತಿ, ಕೆಳಗೆ ಹೆಸರು, ಪದವಿ. ಅದರ ಕೆಳಗೆ ‘ಘನ ಉಪಸ್ಥಿತಿ’ ಅಂತ ಇನ್ನೂ ಹನ್ನೊಂದು ಜನ. ಹನ್ನೆರಡು ಜನ ಸೇರಿ ಗುದ್ದಲಿ ಹಾಕಿದ್ದಾರೆ. ಗುಂಡಿ ಮಾತ್ರ ತಾನಾಗಿ ಬಿದ್ದಿದೆ.

ಇದು ನಾವೇ ಕಂಡುಹಿಡಿದದ್ದು ಅಂತ ಬೀಗುವ ಹಾಗೂ ಇಲ್ಲ. ಅಮೆರಿಕದ ಅಧ್ಯಕ್ಷ ಗ್ರಾಂಟ್ 1876ರ ಡಿಸೆಂಬರಿನಲ್ಲಿ ಅಲ್ಲಿನ ಕಾಂಗ್ರೆಸ್ಸಿಗೆ ಕಳಿಸಿದ ವರದಿಯಲ್ಲಿ ‘ತಪ್ಪುಗಳು ಮಾಡಲ್ಪಟ್ಟಿವೆ’ ಎಂದು ಬರೆದರು. ಪಾಪ, ಒಪ್ಪಿಕೊಂಡರು ಕೂಡ. ಆದರೆ ಜಾಸ್ತಿ ತಪ್ಪಾಗಿದ್ದು ಸಹಾಯಕರನ್ನು ಆರಿಸುವುದರಲ್ಲಿ ಅಂತ ಪಕ್ಕದಲ್ಲೇ ಸೇರಿಸಿದರು. 1987ರ ಜನವರಿಯಲ್ಲಿ ಅಲ್ಲಿನ ಇನ್ನೊಬ್ಬ ಅಧ್ಯಕ್ಷ ರೇಗನ್, ಇರಾನಿಗೆ ಗುಟ್ಟಾಗಿ ಶಸ್ತ್ರ ಮಾರಿದ ಹಗರಣದ ಬಗ್ಗೆ ಮಾತಾಡುತ್ತಾ ‘ಗಂಭೀರ ತಪ್ಪುಗಳು ಮಾಡಲ್ಪಟ್ಟವು’ ಅಂದರು. ನೂರಹತ್ತು ವರ್ಷ ಕಳೆದರೂ ‘ಬೈ’ ಸಿಕ್ಕಿರಲಿಲ್ಲ.

ನಮ್ಮಲ್ಲಿ ತೆರಿಗೆ ನೋಟಿಸಿನಲ್ಲಿ ಮಾತ್ರ ಕರ್ತೃ ಎಂದೂ ತಪ್ಪಿಸಿಕೊಂಡಿಲ್ಲ. ನನ್ನ ಹೆಸರು, ಅಪ್ಪನ ಹೆಸರು, ಮನೆ ನಂಬರು ಎಲ್ಲ ಇದೆ. ‘ತಾವು ಪಾವತಿಸತಕ್ಕದ್ದು.’ ಮುಂದಿನ ಸಾಲಿಗೆ ಮತ್ತೆ ಹಳೇ ಕಥೆ: ‘ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.’

ಇಷ್ಟು ಬರೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ಠಳ್ ಅಂತ ಸದ್ದಾಯಿತು. ಗಾಜಿನ ಲೋಟ. ಮಗ ಬಾಗಿಲಿಗೆ ಒರಗಿ ನಿಂತು, ಪಾಠ ಒಪ್ಪಿಸುವ ಹಾಗೆ “ದ ಗ್ಲಾಸ್ ವಾಸ್ ಬ್ರೋಕನ್” ಅಂದ.

ಅವರಮ್ಮ ಪೊರಕೆ ಹಿಡಿದು ಬಂದಳು. “ಬೈ?”

“ಬೈಬೇಡಮ್ಮ.”