ತಡ ಅಲ್ಲ, ಜಾಗ್ರತೆ

ಎದೆಯೊಳಗೆ ಗಡ್ಡೆ ಇರುವ ಮಕ್ಕಳಿಗೆ ಕೂಡಲೇ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷೆ) ಮಾಡದೆ ಯಾಕೆ ಎಳೆಯುತ್ತಾರೆ ಅಂತ ಇಲ್ಲಿ ಒಬ್ಬರು ಕೇಳಿದ್ದಾರೆ. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ.

ಅಕ್ಕನ ಮಗನಿಗೆ ಆಗ 9 ವರ್ಷ. ಉಡುಪಿಯಲ್ಲಿ ಜೋರು ಮಳೆಗಾಲ. ಕೆಮ್ಮು, ಉಬ್ಬಸ. ಎಲ್ಲರೂ ಅಸ್ತಮಾ ಅಂದುಕೊಂಡೆವು. ಆದರೆ ಹುಡುಗ ಮಲಗುತ್ತಲೇ ಇರಲಿಲ್ಲ. ಸ್ಟೂಲಿನ ಮೇಲೆ ದಿಂಬು ಇಟ್ಟು, ಅದಕ್ಕೆ ತಲೆ ಆನಿಸಿ ಕೂತೇ ನಿದ್ದೆ. ಬೆಳಿಗ್ಗೆ ಮುಖ ಊದಿರುತ್ತಿತ್ತು. ಎಕ್ಸ್‌ರೇಯಲ್ಲಿ ಗಡ್ಡೆ ಕಂಡಿತು, ಜೊತೆಗೆ ಶ್ವಾಸಕೋಶದ ಸುತ್ತ ನೀರು.

ಇಂಥ ಮಕ್ಕಳನ್ನು ಅಂಗಾತ ಮಲಗಿಸಿದರೆ ಗಡ್ಡೆಯ ಭಾರ ಶ್ವಾಸನಾಳದ ಮೇಲೆ ಬೀಳುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟರೆ ಸ್ನಾಯು ಸಡಿಲವಾಗಿ ನಾಳ ಮುಚ್ಚಿಯೇ ಹೋಗಬಹುದು. ಗಂಟಲಿಗೆ ಉಸಿರಾಟದ ಟ್ಯೂಬ್ ಹಾಕಿದರೂ ಕೆಲವೊಮ್ಮೆ ಗಾಳಿ ಹೋಗುವುದಿಲ್ಲ, ಯಾಕೆಂದರೆ ತಡೆ ಟ್ಯೂಬಿಗಿಂತ ಕೆಳಗಿರುತ್ತದೆ. ಅದಕ್ಕೇ ಡಾಕ್ಟ್ರು ಮೊದಲು ರಕ್ತ ಪರೀಕ್ಷೆ ಮಾಡಿಸಿದರು. ಆಮೇಲೆ ಅವನನ್ನು ದಿಂಬು ತಬ್ಬಿಸಿ ಕೂರಿಸಿ, ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯಿಂದ ನೀರು ತೆಗೆದರು. ಆ ನೀರಿನ ಜೀವಕೋಶಗಳಲ್ಲೇ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಅಂತ ಗೊತ್ತಾಯಿತು. ಗಡ್ಡೆಗೆ ಕೈ ಹಾಕಬೇಕಾಗಲೇ ಇಲ್ಲ. ಕುತ್ತಿಗೆಯಲ್ಲಿ ಗಂಟು ಇದ್ದರೆ ಅದರಿಂದಲೂ ಹೀಗೇ ಚೂರು ತೆಗೆಯುತ್ತಾರಂತೆ.

ಇನ್ನೊಂದು ವಿಷಯ. ಉಬ್ಬಸಕ್ಕೆ ಅಂತ ಹಳೇ ಚೀಟಿ ತೋರಿಸಿ ಮೆಡಿಕಲ್‌ನಿಂದ ಸುಮ್ನೆ ಸ್ಟೀರಾಯ್ಡ್ ಮಾತ್ರೆ ತಂದು ಕೊಡಬೇಡಿ (ಡಾಕ್ಟ್ರು ಬರೆದ ಇನ್‌ಹೇಲರ್ ಬೇರೆ, ಅದನ್ನು ಬಿಡಬೇಡಿ). ಲಿಂಫೋಮಾ ಗಡ್ಡೆ ಸ್ಟೀರಾಯ್ಡಿಗೆ ಬೇಗ ಕುಗ್ಗುತ್ತದೆ, ಆಮೇಲೆ ಅದು ಯಾವ ಬಗೆಯದು ಅಂತ ಪತ್ತೆ ಮಾಡುವುದೇ ಕಷ್ಟ. ಉಸಿರು ನಿಲ್ಲುವ ಹಾಗಿದ್ದರೆ ಡಾಕ್ಟ್ರೇ ಮೊದಲು ಅದನ್ನು ಕೊಡುತ್ತಾರೆ, ಜೀವ ಮುಖ್ಯ ಅಲ್ವಾ.