ವಿಮಾನದ ಆಸೆಗೆ ಕಾರ್ಡ್ ತಗೊಳ್ಳೋ ಮುಂಚೆ

ಇವತ್ತು ಮಧ್ಯಾಹ್ನ ನಮ್ಮ ಚಿಕ್ಕಮಗಳೂರಿನ ಐ.ಜಿ. ರಸ್ತೆಯ ಮೊಬೈಲ್ ಅಂಗಡಿ ಮುಂದೆ ನಿಂತಿದ್ದೆ. ಮಗಳ ಫೋನಿಗೆ ಗ್ಲಾಸ್ ಹಾಕಿಸೋದಿತ್ತು. ಪಕ್ಕದಲ್ಲಿ ಟೇಬಲ್ ಹಾಕಿಕೊಂಡು ಟೈ ಕಟ್ಟಿದ ಹುಡುಗನೊಬ್ಬ ಕ್ರೆಡಿಟ್ ಕಾರ್ಡ್ ಮಾಡಿಸುತ್ತಿದ್ದ. ಎದುರಿಗೆ ಇನ್ನೊಬ್ಬ ಹುಡುಗ. ಮುಳ್ಳಯ್ಯನಗಿರಿ ಕಡೆ ಹೋಮ್‌ಸ್ಟೇಯಲ್ಲಿ ಕೆಲಸವಂತೆ, 18 ಸಾವಿರ ಸಂಬಳ. "ಖರ್ಚು ಮಾಡಿದ್ದಕ್ಕೆಲ್ಲ ಪಾಯಿಂಟ್ಸ್ ಬರುತ್ತೆ ಬ್ರೋ, ವರ್ಷದಲ್ಲಿ ಗೋವಾಕ್ಕೆ ಫ್ರೀ ಫ್ಲೈಟ್" ಅಂದಿದ್ದೇ ತಡ, ಇವನು ಆಧಾರ್ ಕಾರ್ಡ್ ತೆಗೆದು ಟೇಬಲ್ ಮೇಲಿಟ್ಟ.

ನನಗೆ ಮೈ ಉರಿದುಹೋಯಿತು. "ಬಡ್ಡಿ ಎಷ್ಟು ಅಂತ ಕೇಳಿದೆಯಾ ತಮ್ಮಾ?" ಅಂದೆ. ಅವನು ನನ್ನ ಮುಖ ನೋಡಿದ. "ಟೈಮಿಗೆ ಪೂರ್ತಿ ಕಟ್ಟಿದರೆ ಬಡ್ಡಿನೇ ಇಲ್ಲ ಸಾರ್" ಅಂತ ಟೈ ಹುಡುಗನೇ ಉತ್ತರ ಕೊಟ್ಟ. ಸುಳ್ಳಲ್ಲ ಅದು. ಆದರೆ ಆ "ಕಟ್ಟಿದರೆ" ಅನ್ನೋ ಮಾತಲ್ಲೇ ಎಲ್ಲಾ ಇರೋದು.

ನನ್ನ ಕಥೆ ನಿಮ್ಮಲ್ಲಿ ಕೆಲವರಿಗೆ ಅರ್ಧ ಗೊತ್ತು. ಪೂರ್ತಿ ಇವತ್ತು ಹೇಳ್ತೀನಿ. ನಮ್ಮದು ಮೂರು ಎಕರೆ ರೋಬಸ್ಟಾ ಕಾಫಿ ತೋಟ. ಹಣ್ಣು ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಮಾರಿದ ಮೇಲೇ ದೊಡ್ಡ ದುಡ್ಡು ಕಾಣೋದು. ಅದೂ ವರ್ಷಕ್ಕೆ ಒಂದು ಸಲ. ಕಾರ್ಡಿನ ಬಿಲ್ ಮಾತ್ರ ತಿಂಗಳು ತಿಂಗಳೂ ಬರುತ್ತೆ. ಇಷ್ಟು ಸಣ್ಣ ವಿಷಯ 2021ರಲ್ಲಿ ನನಗೆ ಹೊಳೆಯಲಿಲ್ಲ. ಮಗಳನ್ನ ಒಂದು ಸಲ ವಿಮಾನ ಹತ್ತಿಸಬೇಕು ಅನ್ನೋ ಆಸೆಗೆ ಕಾರ್ಡ್ ತಗೊಂಡೆ. ಗೊಬ್ಬರ, ಸ್ಕೂಲ್ ಫೀಸು, ಮನೆ ಸಾಮಾನು, ಎಲ್ಲಾ ಅದರಲ್ಲೇ ಉಜ್ಜಿದೆ. 40 ಸಾವಿರ ಆಯಿತು. ಮಿನಿಮಮ್ 2 ಸಾವಿರ ಕಟ್ಟಿದರೆ ಸಾಕು ಅಂತ ಬಿಲ್ಲಲ್ಲಿತ್ತು. ಕಟ್ಟಿ ನಿರಾಳವಾಗಿ ಮಲಗಿದೆ.

ಲೆಕ್ಕ ನೋಡಿ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಅಂದರೆ 40 ಸಾವಿರಕ್ಕೆ 1,400. ಅದರ ಮೇಲೆ 18% ಜಿಎಸ್‌ಟಿ, 252. ಒಟ್ಟು 1,652 ರೂಪಾಯಿ, ಒಂದೇ ತಿಂಗಳಿಗೆ. ಅದೇ 40 ಸಾವಿರಕ್ಕೆ ಬಂದ ಪಾಯಿಂಟ್ಸ್ ಬೆಲೆ ನೂರಕ್ಕೆ ಒಂದು ರೂಪಾಯಿ ಅಂತ ಹಿಡಿದರೂ 400. ಇಷ್ಟೇ ಅಲ್ಲ. ಬಾಕಿ ಉಳಿಸಿಕೊಂಡರೆ ಹೊಸದಾಗಿ ತಗೊಂಡ ಸಾಮಾನಿಗೂ ಮೊದಲ ದಿನದಿಂದಲೇ ಬಡ್ಡಿ. 2022ರ ಮಾರ್ಚಲ್ಲಿ ಕಾಫಿ ಮಾರಿದ ದುಡ್ಡಲ್ಲಿ ಮೊದಲು ತೀರಿಸಿದ್ದು ಆ ಕಾರ್ಡು. ಮನೆಯವಳಿಗೆ ಹೇಳೋಕೆ ಮೂರು ದಿನ ಬೇಕಾಯಿತು. ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಬೆಂಗಳೂರಲ್ಲಿರೋ ನಮ್ಮ ಚಿಕ್ಕಪ್ಪನ ಮಗ ಇದೇ ಪಾಯಿಂಟ್ಸಲ್ಲಿ ಹೆಂಡತಿ ಮಕ್ಕಳನ್ನ ದೆಹಲಿಗೆ ಕರೆದುಕೊಂಡು ಹೋಗಿಬಂದ. ನಿಜ, ನನಗೂ ಖುಷಿಯಾಯಿತು. ಆದರೆ ಅವನಿಗೆ ತಿಂಗಳ ಕೊನೆಗೆ ಸಂಬಳ ಬೀಳುತ್ತೆ. ಬಿಲ್ ಪೂರ್ತಿ ತಾನಾಗಿಯೇ ಖಾತೆಯಿಂದ ಕಟ್ ಆಗುತ್ತೆ. ಆಫೀಸಿನ ಓಡಾಟದ ಖರ್ಚೂ ಅದೇ ಕಾರ್ಡಲ್ಲಿ. ವರ್ಷಕ್ಕೆ ನಾಲ್ಕು ಸಲ ಹೇಗೂ ವಿಮಾನ ಹತ್ತುತ್ತಾನೆ. ಅಂಥವರಿಗೆ ಇದು ಸರಿ, ತಗೊಳ್ಳಲಿ. ಅವನನ್ನ ತೋರಿಸಿ ನಮ್ಮ ಹುಡುಗರಿಗೆ ಮಾರೋದು ತಪ್ಪು.

ನಮ್ಮೂರಲ್ಲಿ ವಿಮಾನ ನಿಲ್ದಾಣವೇ ಇಲ್ಲ ಅಲ್ವಾ? ದೇವನಹಳ್ಳಿಗೆ ಹೋಗಬೇಕು ಅಂದರೆ ಮೊದಲು ಬೆಂಗಳೂರಿಗೇ 240 ಕಿಲೋಮೀಟರ್ ಮೇಲೆ. ಮಂಗಳೂರಿಗೆ ಅಂದರೆ ಚಾರ್ಮಾಡಿ ಇಳೀಬೇಕು, ಮಳೆಗಾಲದಲ್ಲಿ ಆ ಘಾಟಿ ಯಾವಾಗ ಮುಚ್ಚುತ್ತೋ ಹೇಳೋಕಾಗಲ್ಲ. ಶಿವಮೊಗ್ಗದಲ್ಲಿ 2023ರಲ್ಲಿ ಶುರುವಾಗಿದೆ, ಅಲ್ಲಿಂದ ಹೋಗೋ ಊರುಗಳು ಕಡಿಮೆ. ಕಾರ್ಡ್ ಇದ್ದರೆ ಏರ್‌ಪೋರ್ಟಿನ ಲೌಂಜಲ್ಲಿ, ಅಂದರೆ ಕಾಯೋ ಕೋಣೆಯಲ್ಲಿ, ಊಟ ಫ್ರೀ ಅಂತಾರೆ. ಅಲ್ಲಿಗೆ ಮುಟ್ಟೋ ಖರ್ಚು ಯಾರು ಕೊಡ್ತಾರೆ?

ನಮ್ಮ ಖರ್ಚು ಯಾವುದು ಅಂತಲೂ ನೋಡಿಕೊಳ್ಳಿ. ಆಳಿನ ಕೂಲಿ ನಗದು. ಡೀಸೆಲ್ಲಿಗೆ, ಮನೆ ಬಾಡಿಗೆಗೆ ಎಷ್ಟೋ ಕಾರ್ಡುಗಳಲ್ಲಿ ಪಾಯಿಂಟ್ಸೇ ಇಲ್ಲ. ಕೆಲವು ಅಂಗಡಿಯಲ್ಲಿ ಕಾರ್ಡ್ ಅಂದ ಕೂಡಲೇ ನೂರಕ್ಕೆ ಎರಡು ಜಾಸ್ತಿ ಕೇಳ್ತಾರೆ. ಒಂದು ರೂಪಾಯಿ ಪಾಯಿಂಟಿಗೆ ಎರಡು ರೂಪಾಯಿ ಕೊಟ್ಟ ಹಾಗಾಯಿತು. ವರ್ಷದ ಶುಲ್ಕ 5 ಸಾವಿರ ಅಂದರೆ ಜಿಎಸ್‌ಟಿ ಸೇರಿ 5,900. ಇಂತಿಷ್ಟು ಖರ್ಚು ತೋರಿಸಿ ಅದನ್ನ ಮಾಫಿ ಮಾಡಿಸೋಕೆ ಅಂತ ಬೇಡದ್ದನ್ನೆಲ್ಲ ಕೊಳ್ಳೋರನ್ನ ನೋಡಿದ್ದೀನಿ. ಕಷ್ಟಪಟ್ಟು ಸೇರಿಸಿದ ಪಾಯಿಂಟ್ಸ್ ಬೆಲೆಯನ್ನ ಬ್ಯಾಂಕು ಮಧ್ಯದಲ್ಲಿ ಇಳಿಸಲೂಬಹುದು.

ಈಗಾಗಲೇ ತಗೊಂಡು ಒದ್ದಾಡುತ್ತಿರೋರಿಗೆ ಒಂದು ಮಾತು. ಬಾಕಿ ಪೂರ್ತಿ ತೀರಿಸಿ, ಕಾರ್ಡ್ ಮುಚ್ಚಿ ಅಂತ ಬ್ಯಾಂಕಿಗೆ ಬರೆದುಕೊಡಿ. ಆಮೇಲೆ ಏಳು ಕೆಲಸದ ದಿನದೊಳಗೆ ಕಾರ್ಡ್ ಮುಚ್ಚಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ತಡ ಮಾಡಿದರೆ ದಿನಕ್ಕೆ 500 ರೂಪಾಯಿ ನಿಮಗೇ ಕೊಡಬೇಕು. ಆ ವರ್ಷ ಆಗಸ್ಟಲ್ಲಿ ನಾನು ಹಾಗೇ ಮುಚ್ಚಿಸಿದ್ದು.

ಆ ಹುಡುಗನ ವಿಷಯಕ್ಕೆ ಬರ್ತೀನಿ. "ಮಳೆಗಾಲದಲ್ಲೂ ಪೂರ್ತಿ ಸಂಬಳ ಕೊಡ್ತಾರಾ?" ಅಂತ ಕೇಳಿದೆ. "ಗೆಸ್ಟ್ ಇಲ್ಲ ಅಂದ್ರೆ ಅರ್ಧ ಅಣ್ಣಾ" ಅಂದ. ಅಂದವನು ತಾನೇ ಸ್ವಲ್ಪ ಹೊತ್ತು ಸುಮ್ಮನಾದ. ಆಮೇಲೆ ಆಧಾರ್ ಕಾರ್ಡ್ ಎತ್ತಿ ಜೇಬಿಗೆ ಹಾಕಿಕೊಂಡ.

ನನ್ನ ಮಗಳು ಇನ್ನೂ ವಿಮಾನ ಹತ್ತಿಲ್ಲ. ಕಾರ್ಡ್ ಮುಚ್ಚಿದ ತಿಂಗಳೇ ಅಂಚೆ ಕಚೇರಿಯಲ್ಲಿ ತಿಂಗಳಿಗೆ 500 ರೂಪಾಯಿ ಕಟ್ಟೋ ಆರ್‌ಡಿ ಶುರು ಮಾಡಿದೆ, ಹಾಲು ಮಾರಿದ ದುಡ್ಡಲ್ಲಿ. ಐದು ವರ್ಷಕ್ಕೆ 30 ಸಾವಿರ. ಮೇಲೆ ಬಡ್ಡಿ ಬೇರೆ, ಈ ಸಲ ನಮಗೇ ಬರೋ ಬಡ್ಡಿ. 2027ಕ್ಕೆ ತುಂಬುತ್ತೆ. ಎಲ್ಲಿಗೆ ಹೋಗೋದು ಅಂತ ಅವಳೇ ಹೇಳಲಿ.